ನೂರನೆಯ ಮಣಿಕಟ್ಟು

ಹೃದ್ರೋಗ ವಿಭಾಗದಲ್ಲಿ ಅವಳಿಗೆ ದುಭಾಷಿ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟ ಹೆಸರಂತೂ ಗಟ್ಟಿಯಾಗಿ ಅಂಟಿಕೊಂಡಿತು. ಆರು ವರ್ಷ ವೈದ್ಯಕೀಯ ಓದಿ, ಅದರ ಮೇಲೆ ಮೂರು ವರ್ಷ ಇನ್ನೊಂದು ಪದವಿ ಮುಗಿಸಿ, ಹೃದಯದ ತಜ್ಞೆಯಾಗಬೇಕೆಂದು ಈ ದೊಡ್ಡಾಸ್ಪತ್ರೆಗೆ ತರಬೇತಿಗೆ ಬಂದವಳು ಅವಳು. ಕಲ್ಲುಕ್ವಾರಿಯ ಕಡೆಯಿಂದ ಈ ಮೆಟ್ಟಿಲು ಹತ್ತಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಆಸ್ಪತ್ರೆಯವರಿಗೂ ಅದರ ಹೆಮ್ಮೆ ಇತ್ತು, ಇಲ್ಲವೆನ್ನಬಾರದು. ಸ್ವಾಗತದ ಮೇಜಿನ ಹಿಂದೆ ಅವಳ ಆಳೆತ್ತರದ ಫೋಟೊ ಹಾಕಿ, ಕೆಳಗೆ 'ಇಲ್ಲಿ ಎಲ್ಲರಿಗೂ ಸಮಾನ ಅವಕಾಶ' ಎಂದು ಬರೆಸಿದ್ದರು. ಫೋಟೊದಲ್ಲಿ ಅವಳ ಕೈಯಲ್ಲೊಂದು ಕ್ಯಾತಿಟರ್ ಇತ್ತು, ಹೃದಯ ತಜ್ಞರ ಕೊಳವೆ. ಫೋಟೊ ತೆಗೆದಾದ ಮೇಲೆ ಅದನ್ನು ಅವಳ ಕೈಯಿಂದ ಇಸಿದುಕೊಂಡು, "ವಾರ್ಡಿಗೆ ನಿಮ್ಮವರೊಬ್ಬರು ಬಂದಿದಾರೆ, ಸ್ವಲ್ಪ ಹೋಗಿ ಮಾತಾಡಿ" ಎಂದು ಕಳಿಸಿದ್ದರು.

ನಿಮ್ಮವರು ಎಂದರೆ ಕ್ವಾರಿಯವರು. ಊರಾಚೆ ಬೆಟ್ಟವನ್ನು ಕಡಿದು ಕಡಿದು ಗುಂಡಿ ಮಾಡಿಟ್ಟಿರುವ ಕಡೆ ಮೂರು ತಲೆಮಾರಿನಿಂದ ಕಲ್ಲು ಒಡೆಯುತ್ತಿರುವ ಜನ. ಅವರ ಮಾತೇ ಬೇರೆ, ಆಸ್ಪತ್ರೆಯ ಮಾತು ಅವರಿಗೆ ಅರ್ಧಂಬರ್ಧ. ದೂಳು ಕುಡಿದ ಎದೆ ಹೊತ್ತು, ಇನ್ನು ಆಗುವುದೇ ಇಲ್ಲ ಎನ್ನುವಾಗ ಬರುತ್ತಾರೆ. ಬಂದ ಮೇಲೂ ಅವರದೊಂದು ಅಭ್ಯಾಸ ಇದೆ. ಬಿಳಿ ಕೋಟಿನವರು ಏನು ಕೇಳಿದರೂ ಗೋಣು ಹಾಕಿಬಿಡುವುದು. ನೋವಿದೆಯಾ ಎಂದರೆ ಹೂಂ. ನೋವಿಲ್ಲ ತಾನೆ ಎಂದರೆ ಅದಕ್ಕೂ ಹೂಂ. ಕ್ವಾರಿಯ ಮೇಸ್ತ್ರಿಗೆ ಇಲ್ಲ ಎಂದವನನ್ನು ಮರುದಿನ ಕೆಲಸಕ್ಕೆ ಕರೆಯುತ್ತಿರಲಿಲ್ಲ, ಅಲ್ಲಿಂದ ಬಂದ ವಿದ್ಯೆ ಅದು. ಅವಳು ಚಿಕ್ಕವಳಿದ್ದಾಗ ಅವಳ ಅಮ್ಮನೂ ಲಸಿಕೆಯ ಸಾಲಿನಲ್ಲಿ ಕಿವಿಯಲ್ಲಿ ಹೇಳಿಕೊಟ್ಟದ್ದು ಇದನ್ನೇ: "ದೊಡ್ಡೋರು ಏನಂದ್ರೂ ತಲೆ ಆಡಿಸು, ಬೇಗ ಬಿಟ್ಬಿಡ್ತಾರೆ."

ಹಾಗಾಗಿ ಕ್ವಾರಿಯವರ ಹತ್ತಿರ ಹೌದೋ ಅಲ್ಲವೋ ಎಂದು ಕೇಳಬಾರದು. ಪಕ್ಕದಲ್ಲಿ ಕೂತು, ಅವರ ಮಾತಿನಲ್ಲೇ ಮಕ್ಕಳು ಮನೆ ವಿಚಾರಿಸಿ, ಆಮೇಲೆ 'ಹಿಂದೆ ಏನೇನಾಗಿತ್ತು ಹೇಳು' ಎಂದು ಸುಮ್ಮನಾಗಬೇಕು. ಹತ್ತು ನಿಮಿಷದ ಕೆಲಸ. ಮೊದಲ ವರ್ಷ ವಿಭಾಗದ ಸಭೆಯಲ್ಲಿ ಅವಳು ಎದ್ದುನಿಂತು ಇದನ್ನು ಹೇಳಿದಾಗ ಮುಖ್ಯಸ್ಥರು ಮೆಚ್ಚಿ ಮೇಜು ತಟ್ಟಿದರು. "ಬಹಳ ಮುಖ್ಯವಾದ ಮಾತು. ಇನ್ಮೇಲೆ ಅದನ್ನ ನೀವೇ ನೋಡ್ಕೊಳ್ಳಿ" ಎಂದರು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡೆ ಎಂದು ಅವಳಿಗೆ ತಿಳಿಯಲು ಆರು ತಿಂಗಳು ಹಿಡಿಯಿತು.

ಯಾಕೆಂದರೆ ತರಬೇತಿಯವರ ಹಣೆಬರಹ ನಿರ್ಧಾರವಾಗುವುದು ಒಂದು ಪುಸ್ತಕದಲ್ಲಿ. ಆಂಜಿಯೋಗ್ರಾಮ್ ಎಂಬ ಕೆಲಸವನ್ನು ಮೂರು ವರ್ಷದೊಳಗೆ ನೂರು ಸಲ ಸ್ವಂತ ಕೈಯಿಂದ ಮಾಡಿ ಅದರಲ್ಲಿ ಬರೆಸಬೇಕು. ಮಣಿಕಟ್ಟಿನ ರಕ್ತನಾಳಕ್ಕೆ ಸೂಜಿ ಚುಚ್ಚುವುದು, ಸೂಜಿಯೊಳಗಿಂದ ತಂತಿ ತೂರಿಸುವುದು, ತಂತಿಯ ಮೇಲೆ ಕ್ಯಾತಿಟರ್ ಎಂಬ ಸಣ್ಣ ಕೊಳವೆಯನ್ನು ಹೃದಯದವರೆಗೆ ಹತ್ತಿಸಿ ಡೈ ಎಂಬ ಬಣ್ಣದ ಮದ್ದು ಬಿಡುವುದು, ರಕ್ತನಾಳ ಎಲ್ಲಿ ಕಟ್ಟಿದೆ ಎಂದು ಪರದೆಯ ಮೇಲೆ ನೋಡುವುದು. ಮೂರನೆಯ ವರ್ಷದ ಕೊನೆಯ ಶನಿವಾರಕ್ಕೆ ನೂರಾಗದಿದ್ದರೆ ಸೀಟು ಹೋಯಿತು, ಮನೆಗೆ ನಡೆ. ರೋಗಿಯ ಪಕ್ಕ ಕೂತು ಮಾತಾಡಿದ ಹತ್ತು ನಿಮಿಷಗಳನ್ನು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಅವಳು ವಾರ್ಡಿನಿಂದ ವಾರ್ಡಿಗೆ ಮಾತು ಹೊತ್ತು ಓಡಾಡುತ್ತಿದ್ದಾಗ ಅವಳ ಪಾಲಿನ ಕೇಸುಗಳನ್ನು ಜೊತೆಯವರು ಮುಗಿಸುತ್ತಿದ್ದರು. ಅವರಲ್ಲೊಬ್ಬ ಒಂದೂವರೆ ವರ್ಷದಲ್ಲೇ ನೂರು ಮುಟ್ಟಿ ಸೆಂಚುರಿ ಎಂಬ ಬಿರುದು ಗಳಿಸಿದ್ದ. ಕೆಟ್ಟವನೇನಲ್ಲ, ಅವಳಿಗೆ ಟೀ ತಂದುಕೊಡುತ್ತಿದ್ದ. ಅವಳ ಕೇಸು ಮಾಡಿದ ದಿನ ಎರಡು ಟೀ ತರುತ್ತಿದ್ದ.

ಅದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿತ್ತು. ಅವಳೇ ಸೂಜಿ ಹಿಡಿದು ನಿಂತಾಗಲೂ, ಮೇಜಿನ ಮೇಲೆ ಮಲಗಿದವರು ಕ್ವಾರಿಯವರಾಗಿದ್ದು ಅವಳ ಬಾಯಿಂದ ಅವರ ಮಾತು ಒಂದು ಬಂದರೆ ಸಾಕು, ಗಾಜಿನಾಚೆಯ ಮೈಕಿನಿಂದ ಮುಖ್ಯಸ್ಥರ ದನಿ ಕೇಳುತ್ತಿತ್ತು. "ನೀವು ತಲೆ ಹತ್ರ ಹೋಗಿ ಅವರಿಗೆ ಧೈರ್ಯ ಹೇಳ್ತಿರಿ. ಕೈ ಕೆಲಸ ಅವನು ಮಾಡ್ಲಿ." ಸೆಂಚುರಿ ಕೈಗವಸು ಹಾಕಿಕೊಂಡು ಬರುತ್ತಿದ್ದ. ಹೀಗೆ ನಾಲ್ಕು ಸಲ ಆಯಿತು. ನಾಲ್ಕನೆಯ ಸಲದ ನಂತರ ಅವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅತ್ತಳು, ಅತ್ತು ಮುಗಿದ ಮೇಲೆ ಒಂದು ತೀರ್ಮಾನ ಮಾಡಿದಳು. ಇನ್ನು ಆಂಜಿಯೋಗ್ರಾಮ್ ಕೋಣೆಯೊಳಗೆ ತನ್ನ ಮಾತು ಆಡಬಾರದು. ಸತ್ತರೂ ಆಡಬಾರದು.

ಆಮೇಲೆ ಸಂಖ್ಯೆ ಏರಿತು. ಅರವತ್ತು ಎಂಬತ್ತಾಯಿತು, ಎಂಬತ್ತು ತೊಂಬತ್ತೊಂಬತ್ತಾಯಿತು. ಕೊನೆಯ ಶನಿವಾರದ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಂದೇ ಒಂದು ಕೇಸು ಇತ್ತು. ಶನಿವಾರ ಯಂತ್ರದ ರಿಪೇರಿ ಇದ್ದುದರಿಂದ ಆಂಜಿಯೋಗ್ರಾಮ್ ಮಾಡುವ ಕ್ಯಾತ್ ಲ್ಯಾಬಿಗೆ ಬೀಗ.

ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದು, ಹಸಿರು ಗೌನು ತೊಟ್ಟು, ಕೈಗವಸು ಎಳೆದುಕೊಂಡು ಅವಳು ನಿಂತಿದ್ದಾಗ ಹಿರಿಯ ಸಿಸ್ಟರ್ ಬಾಗಿಲು ತಳ್ಳಿ ಬಂದರು.

"ಡಾಕ್ಟ್ರೇ, ನಿಮ್ಮ ಪೇಷಂಟು ಕಲ್ಲು ಒಡೆಯೋರಂತೆ. ಅವರ ಹೆಂಡತಿ ಹೊರಗೆ ನಿಂತ್ಕೊಂಡು ಏನೋ ಒಂದೇ ಸಮನೆ ಹೇಳ್ತಿದಾರೆ. ತೋಳು ಮುಟ್ಕೋತಾರೆ, ಗಂಟಲು ಮುಟ್ಕೋತಾರೆ. ನನಗೊಂದೂ ತಿಳೀತಿಲ್ಲ. ಒಂದು ನಿಮಿಷ ಬಂದು ಕೇಳ್ಬಿಡಿ."

"ಒಪ್ಪಿಗೆ ಪತ್ರ ಯಾರು ಬರೆಸಿದ್ರು?"

"ಸೆಂಚುರಿ ಡಾಕ್ಟ್ರು. ಹೆಬ್ಬೆಟ್ಟೂ ಆಗಿದೆ."

"ಆಗಿದ್ಮೇಲೆ ಇನ್ನೇನು ಸಿಸ್ಟರ್? ಕೈ ತೊಳ್ದಾಗಿದೆ. ಹೊರಗೆ ಬಂದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು, ಅಷ್ಟರಲ್ಲಿ ಈ ಕೇಸನ್ನ ಇನ್ಯಾರಿಗೋ ಕೊಟ್ಟಿರ್ತಾರೆ."

"ಆ ಹೆಂಗಸು ತುಂಬಾ ಗಾಬರಿಯಾಗಿದಾರೆ ಕಣಮ್ಮಾ."

"ಎಲ್ರೂ ಗಾಬರಿಯಾಗಿರ್ತಾರೆ. ಇವತ್ತೊಂದು ದಿನ ನಾನು ದುಭಾಷಿ ಅಲ್ಲ. ದಯವಿಟ್ಟು ಕರೀಬೇಡಿ."

ಸಿಸ್ಟರ್ ಬಾಗಿಲು ಎಳೆದುಕೊಂಡು ಹೋದರು. ಅವಳನ್ನು ಬೈಯುವುದು ಸುಲಭ. ಬೈಯುವವರು ಮೊದಲು ತೊಂಬತ್ತೊಂಬತ್ತರ ಮೇಲೆ ಬಂದು ನಿಂತು ನೋಡಲಿ. ಮೂರು ವರ್ಷ ಯಾರು ಕರೆದರೂ ಹೋಗಿದ್ದವಳು ಒಂದೇ ಒಂದು ಸಲ ಬರುವುದಿಲ್ಲ ಎಂದಳು, ಆ ಒಂದು ಸಲವೂ ಮೆತ್ತಗೆ ಎಂದಳು.

ರೋಗಿಯನ್ನು ತಂದು ಮೇಜಿನ ಮೇಲೆ ಮಲಗಿಸಿದರು. ಮೈಪೂರ್ತಿ ಹಸಿರು ಬಟ್ಟೆ, ಬಟ್ಟೆಯಲ್ಲೊಂದು ತೂತು, ತೂತಿನಲ್ಲಿ ಬಲಗೈಯ ಮಣಿಕಟ್ಟು. ಚರ್ಮದ ಬಿರುಕುಗಳಲ್ಲಿ ಎಷ್ಟು ಉಜ್ಜಿದರೂ ಹೋಗದ ಬೂದು ದೂಳು. ಹೆಬ್ಬೆರಳಿನ ಉಗುರು ಎಂದೋ ಸುತ್ತಿಗೆ ಬಿದ್ದು ಕರ್ರಗಾಗಿತ್ತು. ಆ ಕೈಯನ್ನು ನೋಡಿ ಅವಳಿಗೆ ಅಪ್ಪನ ನೆನಪಾಯಿತು. ಅದನ್ನು ಪಕ್ಕಕ್ಕೆ ತಳ್ಳಿ ಮುಖದ ಕಡೆ ನೋಡಿದಳು. ಐವತ್ತೈದರ ಆಸುಪಾಸಿನ ಮನುಷ್ಯ. ಸುತ್ತ ನಿಂತವರ ಮಾಸ್ಕಿನ ಮೇಲಿನ ಕಣ್ಣುಗಳನ್ನು ಒಂದಾದ ಮೇಲೆ ಒಂದರಂತೆ ನೋಡುತ್ತಿದ್ದ, ಯಾರನ್ನೋ ಹುಡುಕುವ ಹಾಗೆ.

ಗಾಜಿನಾಚೆ ಮುಖ್ಯಸ್ಥರು ಕೈಕಟ್ಟಿ ನಿಂತಿದ್ದರು. ಅವರ ಪಕ್ಕ ಸೆಂಚುರಿ. ಕರೆದರೆ ಕೈಗವಸು ಹಾಕಿಕೊಂಡು ಬರಲು ಅವನ ಕೈ ಖಾಲಿ ಇರುವುದು ಅವಳಿಗೆ ಕಂಡಿತು.

"ಯಾವುದಾದ್ರೂ ಔಷಧಿ ಆಗಿಬರಲ್ಲ ಅಂತೇನೂ ಇಲ್ಲ ತಾನೆ?" ಎಂದು ಅವಳು ಆಸ್ಪತ್ರೆಯ ಮಾತಿನಲ್ಲಿ ಕೇಳಿದಳು.

ಆತ ಗೋಣು ಹಾಕಿದ.

ಆ ಗೋಣು ಎಂಥದ್ದು ಎಂದು ಆ ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ತಾನೇ ಹಾಕಿ ಬೆಳೆದ ಗೋಣು ಅದು. ಅವಳ ಮಾತಿನಲ್ಲಿ ಮೂರು ಶಬ್ದ ಸಾಕಿತ್ತು: ಹಿಂದೆ ಏನಾಗಿತ್ತು ಹೇಳು. ಗಂಟಲವರೆಗೆ ಬಂತು ಕೂಡ. ಗಾಜಿನ ಕಡೆ ನೋಡಿದಳು, ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಶಬ್ದಗಳನ್ನು ನುಂಗಿಕೊಂಡು ಸೂಜಿ ಎತ್ತಿದಳು.

ಕೈ ಚೆನ್ನಾಗಿ ಕೂತಿತು. ಮೊದಲ ಚುಚ್ಚಿಗೇ ರಕ್ತ ಬಂತು, ತಂತಿ ಸಲೀಸಾಗಿ ಸಾಗಿತು, ಕೊಳವೆ ಹೃದಯದ ಬಾಯಿಗೆ ಹೋಗಿ ನಿಂತಿತು. ಮೈಕಿನಿಂದ "ಭೇಷ್" ಎಂದು ಕೇಳಿಸಿತು. ಮೂರು ವರ್ಷದಲ್ಲಿ ಆ ಶಬ್ದ ಅವಳ ಪಾಲಿಗೆ ಬಂದದ್ದು ಅದೇ ಮೊದಲು. ಡೈ ಬಿಟ್ಟಳು. ಪರದೆಯ ಮೇಲೆ ರಕ್ತನಾಳಗಳು ಕಪ್ಪಗೆ ಮೂಡಿದವು.

ಆತ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಬಟ್ಟೆಯಡಿಯಿಂದ ಎಡಗೈ ಬಿಡಿಸಿಕೊಂಡು ಕುತ್ತಿಗೆ ಕೆರೆದುಕೊಳ್ಳತೊಡಗಿದ. ಅವಳು ಬಗ್ಗಿ ನೋಡಿದಾಗ ತುಟಿ ಆಗಲೇ ದಪ್ಪಗಾಗಿತ್ತು, ಎದೆಯ ಮೇಲೆ ಗಂಧೆಗಳು ಎದ್ದಿದ್ದವು. ಆತ ಅವಳ ಕಣ್ಣನ್ನೇ ನೋಡಿ, ಕ್ವಾರಿಯ ಮಾತಿನಲ್ಲಿ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ ಹೇಳಿದ:

"ತಾಯೀ, ಇದು ಅದೇ ಮದ್ದು."

ಕೋಣೆಯಲ್ಲಿ ಅದು ಅರ್ಥವಾದದ್ದು ಅವಳೊಬ್ಬಳಿಗೆ. "ಅಡ್ರಿನಲಿನ್!" ಎಂದು ಕಿರುಚಿದಳು. ಸಿಸ್ಟರ್ ಓಡಿದರು, ಮುಖ್ಯಸ್ಥರು ಒಳಗೆ ನುಗ್ಗಿದರು, ಸೆಂಚುರಿ ಎದೆ ಒತ್ತಲು ನಿಂತ. ಅವಳು ಈಗ ರೋಗಿಯ ಕಿವಿಗೆ ಬಾಯಿಟ್ಟು ತನ್ನ ಮಾತಿನಲ್ಲಿ ಕೂಗುತ್ತಿದ್ದಳು, ಅಪ್ಪಾ ಕಣ್ಣು ಬಿಡಿ, ಅಪ್ಪಾ ನಾನು ಇಲ್ಲೇ ಇದೀನಿ ಎಂದು. ಆಗ ಯಾರೂ ಅವಳಿಗೆ ಪಕ್ಕಕ್ಕೆ ಹೋಗು ಎನ್ನಲಿಲ್ಲ. ನಲವತ್ತೈದು ನಿಮಿಷ ಗುದ್ದಾಡಿದರು. ಮೊದಲೇ ಬಸವಳಿದಿದ್ದ ಹೃದಯ ಮತ್ತೆ ಹೊಡೆದುಕೊಳ್ಳಲಿಲ್ಲ. ಹನ್ನೊಂದೂ ಹತ್ತಕ್ಕೆ ಮುಖ್ಯಸ್ಥರು ಗಡಿಯಾರ ನೋಡಿ ಸಾಕು ಎಂದರು.

ಮುಖ್ಯಸ್ಥರ ಕೋಣೆಯಲ್ಲಿ ಮೂವರೇ ಕೂತರು. ಸೆಂಚುರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಮೇಜಿನ ಮೇಲೆ ಒಪ್ಪಿಗೆ ಪತ್ರ. ಅದರಲ್ಲಿ ಅವನ ಕೈಬರಹದಲ್ಲಿ 'ಅಲರ್ಜಿ ಇಲ್ಲ' ಎಂದಿತ್ತು, ಕೆಳಗೆ ಹೆಬ್ಬೆಟ್ಟಿನ ಗುರುತಿತ್ತು. ಅದರ ಕೆಳಗೆ 'ರೋಗಿಯ ಭಾಷೆಯಲ್ಲಿ ವಿಚಾರಿಸಿ ವಿವರಿಸಿದವರು' ಎಂಬ ಗೆರೆ ಖಾಲಿ.

"ಕೇಳ್ದೆ ಸರ್, ಎರಡು ಸಲ ಕೇಳ್ದೆ. ಎರಡು ಸಲವೂ ತಲೆ ಆಡಿಸಿದ್ರು," ಎಂದು ಸೆಂಚುರಿ ಹೇಳುತ್ತಲೇ ಇದ್ದ.

ಮುಖ್ಯಸ್ಥರು ಅವಳ ಕಡೆ ತಿರುಗಿದರು. ದನಿ ಏರಿಸುವ ಮನುಷ್ಯರಲ್ಲ ಅವರು. "ನೋಡಮ್ಮ, ನಾನು ಒತ್ತಾಯ ಮಾಡಲ್ಲ. ಈ ಗೆರೆ ಖಾಲಿ ಇದ್ರೆ ತನಿಖೆ ಆಗುತ್ತೆ. ಇವನ ಭವಿಷ್ಯ ಹೋಗುತ್ತೆ. ನಿಮ್ಮ ಸೀಟೂ ಹೋಗುತ್ತೆ, ಯಾಕಂದ್ರೆ ಸೂಜಿ ಹಿಡಿದಿದ್ದು ನೀವು. ಮುಂದೆ ಕ್ವಾರಿ ಕಡೆಯಿಂದ ಇನ್ನೊಬ್ಬರನ್ನ ತಗೋಬೇಕು ಅಂದ್ರೆ ಆಯ್ಕೆ ಸಮಿತಿಯವರು ನಿಮ್ಮ ಹೆಸರು ಎತ್ತಿ ಮುಖ ತಿರುಗಿಸ್ತಾರೆ. ಇಲ್ಲಿ ನಿಮ್ಮ ಸಹಿ ಇದ್ರೆ, ಅವರ ಮಾತು ಬಲ್ಲ ಡಾಕ್ಟರೇ ಕೇಳಿದ್ರು, ರೋಗಿ ಮುಚ್ಚಿಟ್ರು ಅಂತಾಗುತ್ತೆ. ಸತ್ತವರಿಗೆ ಅದರಿಂದ ನಷ್ಟ ಏನೂ ಇಲ್ಲ." ಪತ್ರವನ್ನು ಅವಳ ಕಡೆ ಸರಿಸಿ ಸೇರಿಸಿದರು, "ಕ್ಯಾತಿಟರ್ ಹೃದಯದವರೆಗೆ ಹೋಗಿದೆ. ನಿಮಗೆ ನೂರಾಯ್ತು. ನಾನು ಬರೆದುಕೊಡ್ತೀನಿ."

"ಮೊದಲು ಮನೆಯವರಿಗೆ ಹೇಳ್ಬೇಕು ಸರ್," ಎಂದು ಅವಳು ಎದ್ದಳು.

"ನೀವೇ ಹೇಳಿ ಅನ್ನೋಣ ಅಂತಿದ್ದೆ. ಬೇರೆ ಯಾರಿಗೆ ಅವರ ಮಾತು ಬರುತ್ತೆ?" ಎಂದು ಮುಖ್ಯಸ್ಥರೂ ಪತ್ರ ಹಿಡಿದುಕೊಂಡು ಹಿಂದೆ ಬಂದರು.

ಕಾರಿಡಾರಿನ ಉದ್ದಕ್ಕೂ ಅವಳು ಮನಸ್ಸಿನಲ್ಲೇ ಒಂದು ವಾಕ್ಯ ಹೇಳಿಕೊಂಡು ನಡೆದಳು. ನಾನು ಅವರನ್ನು ಕೇಳಲಿಲ್ಲ. ಅಷ್ಟೇ. ಸೀಟು ಹೋದರೆ ಹೋಗಲಿ, ಸಹಿ ಹಾಕುವುದಿಲ್ಲ. ತೀರ್ಮಾನ ಗಟ್ಟಿಯಾಗಿತ್ತು, ಅದರಲ್ಲಿ ಅನುಮಾನ ಬೇಡ. ಬಾಗಿಲು ತೆಗೆಯುವವರೆಗೂ ಗಟ್ಟಿಯಾಗಿಯೇ ಇತ್ತು.

ಕೆಟ್ಟ ಸುದ್ದಿ ಹೇಳಲೆಂದೇ ಆಸ್ಪತ್ರೆಯವರು ಇಟ್ಟುಕೊಂಡಿದ್ದ ಚಿಕ್ಕ ಕೋಣೆ ಅದು. ಎರಡು ಕುರ್ಚಿ, ಕಿಟಕಿ ಇಲ್ಲ. ಹೆಂಡತಿ ಕುರ್ಚಿಯ ತುದಿಯಲ್ಲಿ, ಗಂಡನ ಚಪ್ಪಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಇವಳನ್ನು ಕಂಡೊಡನೆ ಎದ್ದುನಿಂತರು. ಗೋಡೆಯ ಫೋಟೊದಲ್ಲಿ ನೋಡಿದ್ದರೇನೋ, ಗುರುತು ಹೇಳಬೇಕಾಗಲಿಲ್ಲ.

"ಬಂದ್ಯಾ ಮಗಳೇ? ಮುಗೀತಾ?"

ಅವಳು ಹೇಳಿದಳು. ಸುತ್ತುಬಳಸದೆ, ಕ್ವಾರಿಯ ಮಾತಿನಲ್ಲಿ ಸಾವನ್ನು ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿದಳು. ಆ ತಾಯಿ ನಿಂತಲ್ಲೇ ಕುಸಿದು ನೆಲದ ಮೇಲೆ ಕೂತರು. ಅವಳೂ ಪಕ್ಕದಲ್ಲಿ ನೆಲಕ್ಕೇ ಕೂತಳು. ಸಿದ್ಧ ಮಾಡಿಕೊಂಡಿದ್ದ ವಾಕ್ಯ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಆಕೆ ಅವಳ ಮುಂಗೈ ಹಿಡಿದುಕೊಂಡರು. "ನೀನು ಒಳಗಿದ್ದೆ ಅಲ್ವಾ? ಆಯಾ ಹೇಳಿದ್ಲು, ನಿಮ್ಮ ಹುಡುಗೀನೇ ಒಳಗಿದಾಳೆ ಅಂತ. ಅದಕ್ಕೇ ನಾನು ಕಳಿಸ್ದೆ. ಹೆದರ್ಕೊಂಡಿದ್ರು, ಮನೆಗೆ ಹೋಗೋಣ ಅಂತಿದ್ರು. ನಾನೇ ಅಂದೆ, ನಮ್ಮ ಮಗಳಿದಾಳೆ, ಹೋಗಿ ಅಂತ. ಅವರನ್ನ ಮಾತಾಡಿಸ್ದೆ ಅಲ್ವಾ ನೀನು? ಕೊನೇಗಳಿಗೇಲಿ ನಮ್ಮ ಮಾತು ಕಿವಿಗೆ ಬಿತ್ತು ಅಲ್ವಾ?"

ಮಾತಾಡಿಸಿದ್ದು ಎಚ್ಚರ ತಪ್ಪಿದ ಮೇಲೆ ಎಂದು ಈ ಮುಖದ ಎದುರು ಹೇಳುವುದು ಹೇಗೆ? ಅವಳಿಂದ ಆಗಲಿಲ್ಲ. "ಹೂಂ ಅಮ್ಮಾ. ಮಾತಾಡಿಸ್ದೆ," ಎಂದಳು.

ಕನಿಕರಕ್ಕೆ ಆಡಿದ ಮಾತು. ಆಕೆಯ ಎದೆಯಿಂದ ದೊಡ್ಡದೊಂದು ಉಸಿರು ಹೊರಬಂತು, ಕಣ್ಣೀರು ಇಳಿಯಿತು. "ಒಬ್ರೇ ಹೋಗ್ಲಿಲ್ಲ. ಅಷ್ಟಾದ್ರೂ ಆಯ್ತು," ಎಂದು ಅವಳ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಅತ್ತು ಅತ್ತು, ಇದ್ದಕ್ಕಿದ್ದಂತೆ ತಲೆ ಎತ್ತಿದರು.

"ಹಾಗಾದ್ರೆ ಆ ಮದ್ದಿನ ವಿಷಯ ನಿಂಗೆ ಹೇಳ್ಲಿಲ್ವಾ?"

"ಯಾವ ಮದ್ದು?" ಎಂದಳು. ಗೊತ್ತಿದ್ದೂ ಕೇಳಿದಳು.

"ಎರಡು ವರ್ಷದ ಹಿಂದೆ ಕಂಪನಿ ಆಸ್ಪತ್ರೇಲಿ ಹೊಟ್ಟೆ ಫೋಟೊ ತೆಗೆಯೋಕೆ ತೋಳಿಗೆ ಅದ್ಯಾವುದೋ ಮದ್ದು ಹಾಕಿದ್ರು. ಗಂಟಲು ಊದ್ಕೊಂಡು ಮೂರು ದಿನ ಎಚ್ಚರ ಇರ್ಲಿಲ್ಲ. ಇನ್ನೊಂದ್ಸಲ ಹಾಕಿಸ್ಕೊಂಡ್ರೆ ಉಳಿಯಲ್ಲ ಅಂದಿದ್ರು. ಬೆಳಿಗ್ಗೆಯಿಂದ ಅದನ್ನೇ ಹೇಳಿ ಹೇಳಿ ಕಳಿಸಿದೀನಿ. ನಾನೂ ಆ ನರ್ಸಮ್ಮನ ಹತ್ರ ಬಡ್ಕೊಂಡೆ, ಪಾಪ ಅವರಿಗೆ ನಮ್ಮ ಮಾತು ತಿಳೀಲಿಲ್ಲ. ಆದ್ರೆ ನಿಂಗೆ ತಿಳಿಯುತ್ತಲ್ಲ! ನೀನು ಕೇಳ್ದೆ ತಾನೆ?"

ಇನ್ನೂ ಸಮಯವಿತ್ತು. ಇಲ್ಲ ಅಮ್ಮಾ, ಕೇಳಲಿಲ್ಲ, ಈಗ ಹೇಳಿದ್ದೂ ಅರ್ಧ ಸುಳ್ಳು ಎಂದುಬಿಡಬಹುದಿತ್ತು. ಹಾಗೆಂದರೆ ಒಂದು ನಿಮಿಷದ ಹಿಂದೆ ಕೊಟ್ಟ ಒಂದೇ ಒಂದು ಸಮಾಧಾನವನ್ನೂ ಆಕೆಯ ಕೈಯಿಂದ ಕಿತ್ತುಕೊಳ್ಳಬೇಕು. ಸೀಟಿನ ಯೋಚನೆ ಆ ಗಳಿಗೆಯಲ್ಲಿ ಅವಳಿಗೆ ಬರಲೇ ಇಲ್ಲ ಎಂದರೆ ನಂಬಬೇಡಿ. ಅದೂ ಬಂತು.

"ಕೇಳ್ದೆ," ಎಂದಳು.

"ಏನೂ ಹೇಳ್ಲಿಲ್ವಾ ಅವರು?"

"ಇಲ್ಲ ಅಮ್ಮಾ. ಏನೂ ಹೇಳ್ಲಿಲ್ಲ."

ಆಕೆ ಮಡಿಲಲ್ಲಿದ್ದ ಚಪ್ಪಲಿಯ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಬಡಿದರು. ಮತ್ತೆ ಎತ್ತಿ ಬಡಿದರು. "ಹಾಳಾದೋನೇ! ನಮ್ಮ ಹುಡುಗಿ ಪಕ್ಕದಲ್ಲಿ ನಿಂತು ನಮ್ಮ ಮಾತಲ್ಲಿ ಕೇಳಿದ್ರೂ ಬಾಯಿ ಬಿಡ್ಲಿಲ್ವಲ್ಲೋ! ಅವಳ ಹತ್ರಾನೂ ಬರೀ ಗೋಣು ಹಾಕ್ದೆಯೇನೋ! ಕೈಯಾರೆ ಸತ್ತೆಯಲ್ಲೋ! ನನ್ನನ್ನ ಬಿಟ್ಟು ನಿನ್ನ ಕೈಯಾರೆ ನೀನೇ ಸತ್ತೆಯಲ್ಲೋ!" ಮೂವತ್ತು ವರ್ಷ ಜೊತೆಗೆ ಬಾಳಿದವನನ್ನು ಬಾಯಿಗೆ ಬಂದಂತೆ ಬೈದರು, ದನಿ ಒಡೆದುಹೋಗುವವರೆಗೆ ಬೈದರು. ಅವಳು ಗೋಡೆಗೆ ಒರಗಿ ಕೂತು ಕೇಳಿದಳು. ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಅದನ್ನು ಕಂಡು ಆಕೆ ಬೈಯುವುದನ್ನು ನಿಲ್ಲಿಸಿ, ಸೆರಗಿನ ತುದಿಯಿಂದ ಅವಳ ಮುಖ ಒರೆಸಿದರು.

"ನೀನು ಅಳಬೇಡ ಮಗಳೇ. ನೀನೇನು ಮಾಡ್ತೀಯ? ನೀನು ಕೇಳ್ದೆ. ನಿನ್ನ ತಪ್ಪಿಲ್ಲ."

ಬಾಗಿಲಲ್ಲಿ ನಿಂತಿದ್ದ ಮುಖ್ಯಸ್ಥರು ಮೆಲ್ಲಗೆ ಕೆಮ್ಮಿದರು. "ಏನು ಹೇಳ್ತಿದಾರೆ?"

"ತಪ್ಪು ಅವರ ಯಜಮಾನರದ್ದೇ ಅಂತಿದಾರೆ," ಎಂದು ಅವಳು ಆಸ್ಪತ್ರೆಯ ಮಾತಿನಲ್ಲಿ ಹೇಳಿದಳು. ಮೂರು ವರ್ಷದಲ್ಲಿ ಮಾಡಿದ ಎಲ್ಲ ಅನುವಾದಗಳಂತೆ ಅದೂ ಸರಿಯಾಗಿಯೇ ಇತ್ತು. ಆಮೇಲೆ ನೆಲದ ಮೇಲೆ ಕೂತಲ್ಲಿಂದಲೇ ಕೈ ಚಾಚಿ ಪತ್ರ ತೆಗೆದುಕೊಂಡಳು, ಮೊಣಕಾಲ ಮೇಲಿಟ್ಟುಕೊಂಡು ಖಾಲಿ ಗೆರೆಯಲ್ಲಿ ಸಹಿ ಹಾಕಿದಳು. ಆಕೆ ಓದು ಬಾರದ ಕಣ್ಣಿನಿಂದ ಅದನ್ನೇ ನೋಡುತ್ತ, ಅವಳ ಬೆನ್ನು ಸವರುತ್ತಿದ್ದರು.